‘ಟೈಮ್’ ಎಂಬ ಒಂದು ಪದವೂ ನಾರ್ವೆಯವರ ನುಡಿಯೂ

ಭಾಷಾಂತರದಲ್ಲಿ ಕಠಿನವಾದ ಪದಗಳೇ ಸುಲಭ, ಸುಲಭವಾದ ಪದಗಳೇ ಕಠಿನ ಎಂದರೆ ಓದುಗರು ಇದನ್ನು ಚಮತ್ಕಾರದ ಮಾತೆಂದು ಭಾವಿಸಬಾರದು. ಶಾಸ್ತ್ರಗ್ರಂಥದ ಪಾರಿಭಾಷಿಕ ಪದಕ್ಕೆ ಸಾಮಾನ್ಯವಾಗಿ ಅರ್ಥವೊಂದೇ; ನಿಘಂಟನ್ನು ತೆಗೆದು ನೋಡಿದರೆ ಕೆಲಸ ಮುಗಿಯಿತು. ಅಡಿಗೆಯ ಮನೆಯಲ್ಲಿಯೂ ಬೀದಿಯಲ್ಲಿಯೂ ದಿನಕ್ಕೆ ನೂರು ಬಾರಿ ಬಳಕೆಯಾಗುವ ಪುಟ್ಟ ಪದವಾದರೋ ಬಹುಕಾಲದಿಂದ ಬಹು ಜನರ ಬಾಯಲ್ಲಿ ಹೊರಳಿ, ಒಂದೊಂದು ಕಡೆ ಒಂದೊಂದು ಅರ್ಥವನ್ನು ಕಟ್ಟಿಕೊಂಡು ಕುಳಿತಿರುತ್ತದೆ. ಅಂತಹ ಪದಗಳಲ್ಲಿ ಇಂಗ್ಲಿಷಿನ ‘ಟೈಮ್’ ಎಂಬುದು ಮುಖ್ಯವಾದದ್ದು. ಅದನ್ನು ನಾರ್ವೆ ದೇಶದ ನುಡಿಗೆ ತರಬೇಕಾದರೆ ಎಷ್ಟು ಬಾಗಿಲುಗಳನ್ನು ತಟ್ಟಬೇಕಾಗುವುದೆಂಬುದೇ ಈ ಲೇಖನದ ವಿಷಯ.

ಮೈಸೂರು ಸೀಮೆಯ ಉಪಾಧ್ಯಾಯನಿಗೆ ನಾರ್ವೆಯ ಭಾಷೆಯ ಗೊಡವೆ ಏತಕ್ಕೆ ಎಂದು ಕೆಲವರು ಕೇಳಬಹುದು. ನನ್ನ ಎರಡನೆಯ ಮಗಳು ಆ ದೇಶದ ತ್ರೊಂಡ್‌ಹೈಮ್ ಪಟ್ಟಣದಲ್ಲಿ ಸಂಸಾರ ಹೂಡಿದ್ದಾಳೆ. ನಿವೃತ್ತನಾದ ಮೇಲೆ ನಾನು ಅಲ್ಲಿ ಎಂಟು ತಿಂಗಳು ಇದ್ದೆನು. ಹೊರಗೆ ಹಿಮ, ಒಳಗೆ ಬಿಡುವು. ಕೈಯಲ್ಲಿ ಒಂದು ವ್ಯಾಕರಣ, ಎದುರಿಗೆ ಶಾಲೆಗೆ ಹೋಗುವ ಮೊಮ್ಮಗಳು. ವ್ಯಾಕರಣದಿಂದ ಅರ್ಧ, ಮೊಮ್ಮಗಳಿಂದ ಅರ್ಧ ಎಂಬಂತೆ ಆ ಭಾಷೆಯನ್ನು ಅಷ್ಟಿಷ್ಟು ಕಲಿತೆನು.

ಇಂಗ್ಲಿಷೂ ನಾರ್ವೆಯ ಭಾಷೆಯೂ ದಾಯಾದಿಗಳು. ಎರಡೂ ಜರ್ಮಾನಿಕವೆಂಬ ಒಂದೇ ಕುಲಕ್ಕೆ ಸೇರಿದವು. ಆದಕಾರಣ ಒಂದನ್ನು ಬಲ್ಲವನಿಗೆ ಇನ್ನೊಂದರ ಪುಟದಲ್ಲಿ ಪರಿಚಿತ ಮುಖಗಳೇ ಕಾಣಿಸುತ್ತವೆ. ಅಪಾಯವಿರುವುದೂ ಅಲ್ಲಿಯೇ. ಪೂರ್ತಿ ಅಪರಿಚಿತನಾದವನು ನಮ್ಮನ್ನು ಮೋಸಗೊಳಿಸಲಾರನು. ಪರಿಚಿತನ ವೇಷದಲ್ಲಿ ಬಂದವನೇ ಮೋಸಗೊಳಿಸುವನು. ಇಂಗ್ಲಿಷಿನವರು ‘ಟೈಮ್’ ಎಂದು ಬರೆಯುವಾಗ ಯಾವ ನಾಲ್ಕು ಅಕ್ಷರಗಳನ್ನು ಬಳಸುತ್ತಾರೋ ಅವೇ ನಾಲ್ಕು ಅಕ್ಷರಗಳ ಪದವೊಂದು ನಾರ್ವೆಯ ಭಾಷೆಯಲ್ಲಿಯೂ ಉಂಟು. ಅವರು ಅದನ್ನು ‘ತೀಮೆ’ ಎಂದು ಓದುತ್ತಾರೆ. ಅದರ ಅರ್ಥ ಕಾಲವೆಂದಲ್ಲ. ಅರುವತ್ತು ನಿಮಿಷಗಳ ಒಂದು ಗಂಟೆ ಎಂದು.

ಕಾಲವೆಂಬ ಸಾಮಾನ್ಯಾರ್ಥಕ್ಕೆ ಅವರಲ್ಲಿ ‘ತೀದ್’ ಎಂಬ ಬೇರೆ ಪದವಿದೆ. ಈ ‘ತೀದ್’ ಇಂಗ್ಲಿಷಿನಲ್ಲಿಯೂ ಒಂದಾನೊಂದು ಕಾಲಕ್ಕೆ ಕಾಲವಾಚಕವಾಗಿಯೇ ಇದ್ದು, ಆಮೇಲೆ ‘ಟೈಡ್’ ಎಂದಾಗಿ, ಕಡಲಿನ ಉಬ್ಬರವಿಳಿತಗಳಿಗೆ ಹೆಸರಾಗಿ ನಿಂತುಬಿಟ್ಟಿತು. ನಾರ್ವೆಯವರು ಉಬ್ಬರವಿಳಿತವನ್ನು ‘ತೀದೆವನ್’, ಅಂದರೆ ‘ಕಾಲದ ನೀರು’ ಎನ್ನುತ್ತಾರೆ. ಸಮುದ್ರವು ಹೊತ್ತು ಹೊತ್ತಿಗೆ ತಪ್ಪದೆ ಏರಿ ಇಳಿಯುವುದನ್ನು ಕಂಡ ಮೀನುಗಾರರ ಬಾಯಿಂದ ಬಂದ ಈ ಮಾತು ನನಗೆ ಬಹಳ ಹಿಡಿಸಿತು.

ಸಂಸ್ಕೃತವನ್ನು ಓದಿದವರಿಗೆ ಇಲ್ಲಿ ಒಂದು ಸ್ವಾರಸ್ಯವುಂಟು. ‘ಟೈಮ್’, ‘ತೀದ್’, ‘ತೀಮೆ’ ಈ ಮೂರೂ ಭಾಗಿಸು, ತುಂಡರಿಸು ಎಂಬ ಅರ್ಥದ ಒಂದೇ ಮೂಲಧಾತುವಿನಿಂದ ಹುಟ್ಟಿದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕತ್ತರಿಸುವುದೆಂಬ ಅರ್ಥದಲ್ಲಿ ಸಂಸ್ಕೃತದ ‘ದಾತಿ’ ಎಂಬ ಕ್ರಿಯಾಪದವೂ ಆ ಮೂಲಕ್ಕೇ ಸೇರಿದ್ದು. ನಮ್ಮ ‘ಕಾಲ’ ಶಬ್ದವನ್ನು ವೈಯಾಕರಣರು ಎಣಿಸು ಎಂಬರ್ಥದ ‘ಕಲ’ ಧಾತುವಿನಿಂದ ಸಾಧಿಸುತ್ತಾರಷ್ಟೆ. ಅವರು ಕತ್ತರಿಸಿದರು, ನಾವು ಎಣಿಸಿದೆವು. ಅಖಂಡವಾದದ್ದನ್ನು ಅಖಂಡವಾಗಿ ಹಿಡಿಯಲು ಇಬ್ಬರಿಗೂ ಆಗಲಿಲ್ಲ.

ಇಷ್ಟಾದರೂ ‘ಟೈಮ್’ ಎಂದರೆ ‘ತೀದ್’ ಎಂದು ಗುರುತು ಹಾಕಿಕೊಂಡು ಹೊರಟವನು ಮೊದಲನೆಯ ತಿರುವಿನಲ್ಲಿಯೇ ಎಡವುತ್ತಾನೆ. ‘ಮೂರು ಸಲ’ ಎನ್ನುವುದಕ್ಕೂ ಇಂಗ್ಲಿಷಿನವರು ‘ತ್ರೀ ಟೈಮ್ಸ್’ ಎನ್ನುತ್ತಾರಲ್ಲವೆ? ಅಲ್ಲಿ ‘ತೀದ್’ ಸಲ್ಲದು. ಸಲ, ಬಾರಿ, ಸಾರಿ ಎಂಬ ಅರ್ಥಕ್ಕೆ ನಾರ್ವೆಯವರ ಪದ ‘ಗಙ್’, ಬಹುವಚನದಲ್ಲಿ ‘ಗಙರ್’. (ನಮ್ಮ ವರ್ಣಮಾಲೆಯಲ್ಲಿ ಅನುದಿನವೂ ಕೆಲಸವಿಲ್ಲದೆ ಕುಳಿತಿರುವ ಙಕಾರಕ್ಕೆ ಇಷ್ಟು ದೂರ ಹೋಗಿ ಉದ್ಯೋಗ ಸಿಕ್ಕಿದ್ದನ್ನು ಕಂಡು ನನಗೆ ಸಂತೋಷವಾಯಿತು.) ಈ ‘ಗಙ್’ ಎಂಬುದಕ್ಕೆ ಮೊದಲ ಅರ್ಥ ನಡಿಗೆ. ಸಂಸ್ಕೃತದ ‘ಜಂಘಾ’ ಅದರ ದೂರದ ಬಂಧು. ಒಂದು ಕೆಲಸವನ್ನು ಮೂರು ಸಲ ಮಾಡಿದರೆ ಅದರ ಕಡೆಗೆ ಮೂರು ಸಾರಿ ನಡೆದುಹೋದಂತೆ ಎಂಬುದು ಈ ಮಾತಿನ ಒಳಗಿನ ಚಿತ್ರ. ಮನೆಯ ನಡುವಿನ ಓಣಿಯೂ ‘ಗಙ್’, ಒಳಬರುವ ಬಾಗಿಲು ‘ಇನ್‌ಗಙ್’, ಹೊರಹೋಗುವುದು ‘ಊತ್‌ಗಙ್’. ಮಕ್ಕಳು ಉರುಹೊಡೆಯುವ ಮಗ್ಗಿಯ ಪಟ್ಟಿಗೆ ‘ಗಙೆತಬೆಲ್’ ಎಂದು ಹೆಸರು. ಮೂರು ಮೂರಲಿ ಒಂಬತ್ತು ಎಂಬುದನ್ನು ಅವರು ‘ಮೂರು ಸಲ ಮೂರು’ ಎಂದೇ ಓದುತ್ತಾರೆ. ನಾರ್ವೆಯ ಅಜ್ಜಿಯರು ಕಥೆ ಆರಂಭಿಸುವಾಗ ‘ಒಂದಾನೊಂದು ಕಾಲದಲ್ಲಿ’ ಎಂದು ನಾವು ಹೇಳುವ ಕಡೆ ‘ದೇ ವಾರ್ ಎನ್ ಗಙ್’ ಎನ್ನುತ್ತಾರೆ; ಅಕ್ಷರಶಃ ‘ಅದು ಒಂದು ಸಲ ಇತ್ತು’ ಎಂದರ್ಥ. ಆಸ್‌ಬ್ಯೋರ್ನ್‌ಸೆನ್ ಮತ್ತು ಮೂ ಎಂಬಿಬ್ಬರು ೧೮೪೧ರಿಂದ ಪ್ರಕಟಿಸತೊಡಗಿದ ಜನಪದ ಕಥೆಗಳನ್ನು ಓದಿ ಬೆಳೆದ ಮಕ್ಕಳಿಗೆ ಈ ‘ಗಙ್’ ಕೇಳಿದೊಡನೆ ಕಿವಿ ನಿಮಿರುತ್ತದೆ.

ಇಂಗ್ಲಿಷನ್ನು ಬಿಟ್ಟು ನೇರವಾಗಿ ಕನ್ನಡದಿಂದಲೇ ಹೊರಟವನಿಗೆ ಈ ತೊಡಕು ಇಲ್ಲ. ಕಾಲವೆಂಬುದು ಬೇರೆ, ಸಲವೆಂಬುದು ಬೇರೆ, ಗಂಟೆಯೆಂಬುದು ಬೇರೆ ಎಂಬ ವಿವೇಕ ನಮ್ಮ ನುಡಿಯಲ್ಲಿ ಮೊದಲಿನಿಂದಲೂ ಇದೆ. ನಮ್ಮ ಕಾಲವೇ ಅವರ ‘ತೀದ್’, ನಮ್ಮ ಸಲವೇ ಅವರ ‘ಗಙ್’, ನಮ್ಮ ಗಂಟೆಯೇ ಅವರ ‘ತೀಮೆ’. ನಡುವೆ ಇಂಗ್ಲಿಷನ್ನು ದುಭಾಷಿಯಾಗಿ ಕೂರಿಸಿಕೊಂಡರೆ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಕಲಸಿ ಕೊಡುತ್ತದೆ. ಈ ವಿಷಯ ಕೇವಲ ಪಂಡಿತರ ಹರಟೆಯಲ್ಲವೆಂಬುದಕ್ಕೆ ಅಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ನಮ್ಮ ಕಡೆಯ ಹಿರಿಯರೊಬ್ಬರು ಮಗನ ಮನೆಗೆಂದು ಆ ಊರಿಗೆ ಬಂದಿದ್ದರು. ಇಂಗ್ಲಿಷಿನಲ್ಲಿ ಒಳ್ಳೆಯ ವಿದ್ವತ್ತುಳ್ಳವರು. ಹಲ್ಲುನೋವಿಗೆಂದು ವೈದ್ಯರು ಮಾತ್ರೆ ಬರೆದುಕೊಟ್ಟಿದ್ದರು. ಡಬ್ಬಿಯ ಮೇಲಿನ ಚೀಟಿಯಲ್ಲಿ ‘೧ ಮಾತ್ರೆ’ ಎಂದೂ, ಅದರ ಮುಂದೆ ಎಂಟು ಎಂಬ ಅಂಕೆಯೂ, ಒಂದು ಚುಕ್ಕೆಯೂ, ‘ಟೈಮ್’ ಎಂಬ ನಾಲ್ಕು ಅಕ್ಷರಗಳೂ ಇದ್ದವು. ದಿನಕ್ಕೆ ಎಂಟು ಸಲವೆಂದು ಅವರು ನಿರ್ಧರಿಸಿ, ಎಂಟು ಮಾತ್ರೆಗಳನ್ನು ಎಣಿಸಿ ಒಂದು ಬಟ್ಟಲಲ್ಲಿ ಇಟ್ಟುಕೊಂಡರು. ಅವರ ಮನೆಯಾಕೆಗೆ ಇಂಗ್ಲಿಷು ಬಾರದು. ಆದರೆ ಮೂರು ಮಕ್ಕಳನ್ನು ಸಾಕಿದ ತಾಯಿ. “ಇದೇನ್ರೀ, ಕಡಲೆಪುರಿಯ ಹಾಗೆ ಎಂಟು ಮಾತ್ರೆ ನುಂಗುವುದುಂಟೆ? ಸೊಸೆ ಬರುವ ತನಕ ತಾಳಿ” ಎಂದು ಬಟ್ಟಲನ್ನೇ ಎತ್ತಿಟ್ಟರಂತೆ. ಸೊಸೆ ಬಂದು ಓದಿದಳು: ‘ವೇರ್ ಓತ್ತೆಂದೆ ತೀಮೆ’, ಅಂದರೆ ‘ಎಂಟೆಂಟು ಗಂಟೆಗೊಮ್ಮೆ’. ನಾರ್ವೆಯವರು ಅಂಕೆಯ ಮುಂದೆ ಚುಕ್ಕೆಯಿಟ್ಟರೆ ಅದು ಎಂಟು ಅಲ್ಲ, ಎಂಟನೆಯದು. ದಿನಕ್ಕೆ ಮೂರೇ ಮಾತ್ರೆ. ಅದನ್ನೇ ‘ತ್ರೇ ಗಙರ್ ದಾಗ್ಲಿ’, ದಿನಕ್ಕೆ ಮೂರು ಸಲ, ಎಂದು ಬರೆದಿದ್ದರೆ ಆ ಹಿರಿಯರಿಗೆ ಏನೂ ಅರ್ಥವಾಗದೆ, ಯಾರನ್ನಾದರೂ ಕೇಳುತ್ತಿದ್ದರು. ಪರಿಚಿತವಾದ ನಾಲ್ಕು ಅಕ್ಷರಗಳು ಇದ್ದುದರಿಂದ ಕೇಳುವ ಅವಶ್ಯಕತೆಯೇ ಅವರಿಗೆ ತೋರಲಿಲ್ಲ. ಮಕ್ಕಳ ಮನೆಗೆಂದು ಪರದೇಶಗಳಿಗೆ ಹೋಗುವ ವೃದ್ಧ ದಂಪತಿಗಳು ಈಗ ಬಹಳವಾಗಿದ್ದಾರೆ. ಔಷಧದ ಚೀಟಿಯನ್ನು ತಾವೇ ಊಹಿಸಿ ಓದಬಾರದೆಂದು ಅವರಲ್ಲಿ ನನ್ನ ವಿಜ್ಞಾಪನೆ.

ಈ ‘ತೀಮೆ’ಗೆ ಇನ್ನೂ ಎರಡು ಕೆಲಸಗಳಿವೆ. ವೈದ್ಯರನ್ನು ಕಾಣಲು ಗೊತ್ತುಮಾಡಿಕೊಂಡ ವೇಳೆಗೆ ‘ಲೇಗೆತೀಮೆ’, ವೈದ್ಯನ ಗಂಟೆ, ಎನ್ನುತ್ತಾರೆ; ಅಲ್ಲಿ ಹತ್ತು ನಿಮಿಷದಲ್ಲಿ ಹೊರಕ್ಕೆ ಕಳುಹಿಸಿದರೂ ಅದು ಗಂಟೆಯೇ. ಶಾಲೆಯ ಪಾಠದ ಅವಧಿಗೂ ‘ತೀಮೆ’ ಎಂದೇ ಹೆಸರು. ನಾವು ಕೂಡ ನಲವತ್ತು ನಲವತ್ತೈದು ನಿಮಿಷಗಳ ಪಾಠವನ್ನು ‘ಮೊದಲನೆಯ ಗಂಟೆ’, ‘ಎರಡನೆಯ ಗಂಟೆ’ ಎಂದೇ ಕರೆಯುತ್ತಿದ್ದೆವಲ್ಲವೆ! ಅರುವತ್ತು ನಿಮಿಷವೇ ಎಂದು ಒತ್ತಿ ಹೇಳಬೇಕಾದಾಗ ಅವರು ‘ಕ್ಲೊಕ್ಕೆತೀಮೆ’, ಗಡಿಯಾರದ ಗಂಟೆ, ಎನ್ನುತ್ತಾರೆ. ಹೀಗಾಗಿ ಇಂಗ್ಲಿಷಿನ ‘ಟೈಮ್‌ಟೇಬಲ್’ ಎಂಬ ಒಂದೇ ಸಮಸ್ತಪದ ಅಲ್ಲಿ ಎರಡಾಗಿ ಒಡೆಯುತ್ತದೆ. ಶಾಲೆಯದಾದರೆ ‘ತೀಮೆಪ್ಲಾನ್’, ರೈಲು, ದೋಣಿ, ಬಸ್ಸುಗಳದಾದರೆ ‘ರೂತೆತಬೆಲ್’, ಅಂದರೆ ದಾರಿಯ ಪಟ್ಟಿ. ರೈಲುನಿಲ್ದಾಣದಲ್ಲಿ ನಿಂತು ‘ತೀಮೆಪ್ಲಾನ್’ ಕೇಳಿದರೆ ನಿಮ್ಮನ್ನು ಮುದಿ ವಿದ್ಯಾರ್ಥಿಯೆಂದು ತಿಳಿದಾರು.

‘ವಾಟ್ ಟೈಮ್ ಈಸ್ ಇಟ್?’ ಎಂಬುದಕ್ಕೆ ಬರೋಣ. ಇಲ್ಲಿ ‘ತೀದ್’ ಇಲ್ಲ, ‘ಗಙ್’ ಇಲ್ಲ, ‘ತೀಮೆ’ಯೂ ಇಲ್ಲ. ನಾಲ್ಕನೆಯವನಾಗಿ ‘ಕ್ಲೊಕ್ಕೆ’ ಬರುತ್ತಾನೆ. ‘ಕ್ಲೊಕ್ಕೆ’ ಎಂದರೆ ದೇವಾಲಯದಲ್ಲಿ ಬಾರಿಸುವ ಗಂಟೆ. ಗೋಡೆಯ ಮೇಲಿನ, ಮುಂಗೈಯ ಮೇಲಿನ ಗಡಿಯಾರವೂ ಅದೇ. ಇಂಗ್ಲಿಷಿನ ‘ಕ್ಲಾಕ್’ ಕೂಡ ಗಂಟೆಯೆಂಬರ್ಥದ ನಡುಗಾಲದ ಲ್ಯಾಟಿನ್ ಪದದಿಂದ ಬಂದದ್ದೇ ಆದರೂ ಇಂಗ್ಲಿಷಿನವರು ಅದರ ನಾದವನ್ನು ಮರೆತರು, ನಾರ್ವೆಯವರು ಮರೆಯಲಿಲ್ಲ. ಹೊತ್ತನ್ನು ಕೇಳುವಾಗ ಅವರು ‘ವೂರ್ ಮ್ಯೂಯೆ ಎರ್ ಕ್ಲೊಕ್ಕಾ?’ ಎನ್ನುತ್ತಾರೆ. ಒಂದೊಂದು ಪದವನ್ನೂ ಬಿಡಿಸಿದರೆ ‘ಎಷ್ಟು ಗಂಟೆ?’ ಎಂದಲ್ಲದೆ ಬೇರೆಯಿಲ್ಲ! ದೇವರ ಮನೆಯ ಗಂಟೆಯೂ ಗಂಟೆಯೇ, ಹೊತ್ತು ತಿಳಿಸುವುದೂ ಗಂಟೆಯೇ ಎಂಬ ನಮ್ಮ ಬಳಕೆಯನ್ನು ಹಿಮದ ಸೀಮೆಯಲ್ಲಿ ಕೇಳಿದಾಗ ಊರಿನವರೇ ಒಬ್ಬರು ಎದುರಾದಂತಾಯಿತು.

ಆದರೆ ಉತ್ತರವನ್ನು ಎಚ್ಚರದಿಂದ ಕೇಳಬೇಕು. ಅವರು ‘ಹಲ್ ಫೆಮ್’, ಅರ್ಧ ಐದು, ಎಂದರೆ ಐದೂವರೆಯಲ್ಲ, ನಾಲ್ಕೂವರೆ. ಐದನೆಯ ಗಂಟೆಯಲ್ಲಿ ಅರ್ಧ ಸವೆದಿದೆ ಎಂಬುದು ಅವರ ಲೆಕ್ಕ. ಇಂಗ್ಲೆಂಡಿನವರೋ ಆಡುಮಾತಿನಲ್ಲಿ ‘ಹಾಫ್ ಫೈವ್’ ಎಂದು ಐದೂವರೆಗೆ ಹೇಳುತ್ತಾರೆ. ಎರಡು ಭಾಷೆಗಳಿಗೂ ಪದಗಳು ಅವೇ, ನಡುವೆ ಒಂದು ಗಂಟೆಯ ಅಂತರ. ರೈಲು ಮಾತ್ರ ಯಾರಿಗೂ ಕಾಯುವುದಿಲ್ಲ. ‘ಅರ್ಧ ಐದಕ್ಕೆ ಐದು ಇದೆ’ ಎಂದರೆ ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ. ಇದನ್ನು ಮನಸ್ಸಿನಲ್ಲಿ ಲೆಕ್ಕಹಾಕಿ ಮುಗಿಸುವಷ್ಟರಲ್ಲಿ ನನಗೆ ನಾಲ್ಕು ಇಪ್ಪತ್ತಾರಾಗುತ್ತಿತ್ತು.

ಇನ್ನು ಸಮಾಸಗಳ ಮಾತು. ನಾರ್ವೆಯವರು ಸಮಾಸಪ್ರಿಯರು, ನಮ್ಮ ಹಾಗೆಯೇ ಸಮಸ್ತಪದವನ್ನು ಒಂದೇ ಪದವಾಗಿ ಕೂಡಿಸಿ ಬರೆಯುತ್ತಾರೆ. ಬಿಡುವಿನ ಕಾಲಕ್ಕೆ ‘ಫ್ರೀತೀದ್’. ಭಾಗದ ಹೊತ್ತಿನ ಕೆಲಸಕ್ಕೆ ‘ದೇಲ್‌ತೀದ್’, ಪೂರ್ತಿ ಹೊತ್ತಿನದಕ್ಕೆ ‘ಹೇಲ್‌ತೀದ್’, ಹೊತ್ತು ಮೀರಿ ಮಾಡಿದ್ದಕ್ಕೆ ‘ಓವರ್‌ತೀದ್’. ಮಕ್ಕಳು ಮಲಗುವ ಹೊತ್ತು ‘ಲೆಗ್ಗೆತೀದ್’. ಹೊತ್ತು ಕಳೆಯಲು ಆಡುವ ಆಟಪಾಟಗಳಿಗೆ ‘ತೀದ್ಸ್‌ಫೋರ್‌ದ್ರೀವ್’, ಕಾಲವನ್ನು ಅಟ್ಟುವುದು. ನಮ್ಮವರು ಇದನ್ನೇ ಕಾಲಕ್ಷೇಪವೆಂದು ಕರೆದು, ಹರಿಕಥೆಯ ಸಹವಾಸದಿಂದ ಆ ಮಾತಿಗೆ ಪುಣ್ಯವನ್ನೂ ತಂದುಕೊಟ್ಟರು. ಮಾಸಪತ್ರಿಕೆ ಮೊದಲಾದವುಗಳಿಗೆ ‘ತೀದ್ಸ್‌ಸ್ಕ್ರಿಫ್ತ್’, ಕಾಲದ ಬರಹ, ಎಂದು ಹೆಸರು. ಕನ್ನಡದ ‘ನಿಯತಕಾಲಿಕ’ದಲ್ಲಿಯೂ ಕಾಲವೇ ಕುಳಿತಿದೆ. ವೃತ್ತಾಂತವೆಂಬುದಕ್ಕೆ ‘ತೀದೆಂದೆ’ ಎಂಬ ಹಳೆಯ ಪದವಿದ್ದು, ೧೮೬೮ರಲ್ಲಿ ಸ್ಥಾಪಿತವಾದ ‘ಬೆರ್ಗೆನ್ಸ್ ತೀದೆಂದೆ’ ಎಂಬ ಪತ್ರಿಕೆಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ.

ಮೇಲಣ ಕೆಲವು ಪದಗಳಲ್ಲಿ ‘ತೀದ್’ ಎಂದಿರದೆ ‘ತೀದ್ಸ್’ ಎಂದಿರುವುದನ್ನು ಓದುಗರು ಗಮನಿಸಿರಬಹುದು. ಈ ಸಕಾರವು ಹಳೆಯ ಷಷ್ಠೀ ವಿಭಕ್ತಿಯ ಶೇಷ. ಸಮಾಸವಾದರೂ ವಿಭಕ್ತಿ ಲೋಪವಾಗದೆ ಉಳಿದರೆ ನಮ್ಮ ವೈಯಾಕರಣರು ಅದನ್ನು ಅಲುಕ್ ಸಮಾಸವೆನ್ನುತ್ತಾರೆ. ಯುಧಿಷ್ಠಿರ, ವಾಚಸ್ಪತಿ, ಸರಸಿಜ ಎಂಬಂತೆ. ಎಲ್ಲಿ ಸಕಾರ ಬರುವುದು, ಎಲ್ಲಿ ಬಾರದು? ಆಟದ ಪಂದ್ಯದಲ್ಲಿ ವೇಳೆ ಗುರುತಿಸುವವನು ‘ತೀದ್‌ತಾಕೆರ್’, ಇಲ್ಲಿ ಸಕಾರವಿಲ್ಲ. ಗೊತ್ತಾದ ಒಂದು ಗಳಿಗೆಗೆ ‘ತೀದ್ಸ್‌ಪುಂಕ್ತ್’, ಇಲ್ಲಿ ಇದೆ. ಪೂರ್ತಿ ಒಪ್ಪುವ ಸೂತ್ರವೊಂದನ್ನು ನನ್ನ ವ್ಯಾಕರಣ ಪುಸ್ತಕ ಕೊಡಲಿಲ್ಲ. ಮೊಮ್ಮಗಳನ್ನು ಕೇಳಿದರೆ “ಹಾಗೇ ತಾತ, ಹಾಗೇ ಹೇಳೋದು” ಎಂದಳು. ಲೋಕವೇ ಪ್ರಮಾಣವೆಂದು ಮಹಾಭಾಷ್ಯಕಾರರು ಒಪ್ಪಿದ ಮೇಲೆ ಮಗುವಿನೊಡನೆ ವಾದವೇಕೆ?

ಒಂದು ಸಕಾರವೇನು ಮಹಾ ಎನ್ನುವಂತಿಲ್ಲ. ‘ಸೊಮ್ಮರ್‌ತೀದ್’ ಎಂದರೆ ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಏರ್ಪಾಡು; ನಾರ್ವೆಯಲ್ಲಿ ೧೯೮೦ರಿಂದ ವರ್ಷವರ್ಷವೂ ನಡೆದುಬಂದಿದೆ. ನಡುವೆ ಸಕಾರ ಸೇರಿಸಿ ‘ಸೊಮ್ಮರ್ಸ್‌ತೀದ್’ ಎಂದರೆ ‘ಬೇಸಗೆಯಲ್ಲಿ’ ಎಂದಷ್ಟೇ ಅರ್ಥ, ಗಡಿಯಾರದ ಸುದ್ದಿಯಿಲ್ಲ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ‘ಸಮ್ಮರ್’, ‘ಟೈಮ್’ ಎಂಬ ಎರಡೇ ಪದಗಳು. ಬಿಡಿಸಿ ಬರೆದರೆ ಒಂದು, ಕೂಡಿಸಿ ಬರೆದರೆ ಇನ್ನೊಂದು.

ಗಡಿಯಾರದ ಮಾತು ಬಂದುದರಿಂದ ಒಂದು ಮಾತು. ಆ ದೇಶಕ್ಕೆಲ್ಲ ಒಂದೇ ವೇಳೆ ಜಾರಿಗೆ ಬಂದದ್ದು ೧೮೯೫ನೆಯ ಇಸವಿ ಜನವರಿ ೧ರಂದು. ಅದಕ್ಕೆ ಮೊದಲು ಊರಿಗೊಂದು ವೇಳೆ. ಈಗ ಓಸ್ಲೋ ಎಂಬ ಹೆಸರುಳ್ಳ ರಾಜಧಾನಿಗೂ ಪಶ್ಚಿಮದ ಬೆರ್ಗೆನ್ ಬಂದರಿಗೂ ಸೂರ್ಯನ ಲೆಕ್ಕದಲ್ಲಿ ಸುಮಾರು ೨೨ ನಿಮಿಷಗಳ ಅಂತರ. ನಮ್ಮ ದೇಶದಲ್ಲಿ ಈಗಿನ ಸಾಮಾನ್ಯ ವೇಳೆ ೧೯೦೬ರಿಂದ ಬಂತು.

ಸಮಾಸವನ್ನು ಇಂಗ್ಲಿಷಿನ ಅನುಕರಣದಿಂದ ಬಿಡಿಸಿ ಬರೆಯುವ ರೋಗ ನಾರ್ವೆಯ ಎಳೆಯರಲ್ಲಿ ಹಬ್ಬಿದೆಯೆಂದು ಅಲ್ಲಿನ ಉಪಾಧ್ಯಾಯರು ಕೊರಗುತ್ತಾರೆ. ಕಾರಣವಿಲ್ಲದೆ ಕೊರಗುವುದಿಲ್ಲ. ‘ರೊಯ್ಕ್‌ಫ್ರಿತ್’ ಎಂದು ಕೂಡಿಸಿ ಬರೆದರೆ ‘ಧೂಮಪಾನರಹಿತ’. ಅದನ್ನೇ ಎರಡು ಪದವಾಗಿ ಬಿಡಿಸಿದರೆ ‘ಯಥೇಚ್ಛವಾಗಿ ಧೂಮಪಾನ ಮಾಡಿರಿ’ ಎಂದಾಗುತ್ತದೆ. ಮಾಂಸದಂಗಡಿಯಲ್ಲಿ ‘ಕುರಿಮರಿಯ ತೊಡೆ’ ಎಂದು ಬರೆಯಬೇಕಾದವನು ನಡುವೆ ತೆರಪು ಬಿಟ್ಟರೆ ‘ಪಾರ್ಶ್ವವಾಯು ಬಡಿದ ತೊಡೆಗಳು’ ಎಂದಾಗುವುದಂತೆ.

ಈ ಜನರು ತಮ್ಮ ನುಡಿಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿರುವುದಕ್ಕೆ ಹಿನ್ನೆಲೆಯುಂಟು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ, ೧೮೧೪ರ ತನಕ, ನಾರ್ವೆಯು ಡೆನ್ಮಾರ್ಕಿನ ಅರಸರ ಕೈಕೆಳಗಿತ್ತು; ಬರವಣಿಗೆಯೆಲ್ಲ ಡೇನರ ಭಾಷೆಯಲ್ಲಿ. ಆಮೇಲೆ ರೈತನ ಮಗನಾದ ಈವಾರ್ ಓಸೆನ್ ಎಂಬಾತನು ಹಳ್ಳಿಹಳ್ಳಿ ತಿರುಗಿ ಗ್ರಾಮ್ಯಭಾಷೆಗಳನ್ನು ಸಂಗ್ರಹಿಸಿ ೧೮೪೮ರಲ್ಲಿ ವ್ಯಾಕರಣವನ್ನೂ ೧೮೫೦ರಲ್ಲಿ ನಿಘಂಟನ್ನೂ ಪ್ರಕಟಿಸಿದನು. ಕ್ನೂದ್ ಕ್ನೂಡ್‌ಸೆನ್ ಎಂಬ ಇನ್ನೊಬ್ಬನು, ಅವನು ಉಪಾಧ್ಯಾಯನೆಂದು ಹೇಳಲು ನನಗೆ ಹೆಮ್ಮೆ, ಪರಭಾಷಾ ಪದಗಳಿಗೆಲ್ಲ ಸ್ವದೇಶದ ಪದ ಹುಡುಕಿಕೊಡುವ ದೊಡ್ಡ ಗ್ರಂಥವನ್ನು ೧೮೮೧ರಲ್ಲಿ ಹೊರತಂದನು. ಇವರಿಬ್ಬರ ದಾರಿ ಬೇರೆ ಬೇರೆಯಾದ್ದರಿಂದ ಇಂದಿಗೂ ಅಲ್ಲಿ ಎರಡು ಬಗೆಯ ಬರವಣಿಗೆ ಸಮಾನ ಗೌರವದಿಂದ ನಡೆಯುತ್ತಿದೆ. ಒಂದರಲ್ಲಿ ‘ಗಙ್’ ಎಂಬುದು ಇನ್ನೊಂದರಲ್ಲಿ ‘ಗೊಙ್’. ಇಷ್ಟೆಲ್ಲ ಎಚ್ಚರವಿದ್ದರೂ ಇಂಗ್ಲಿಷಿನ ‘ಟೈಮಿಂಗ್’ ಎಂಬುದು ಇಂಗ್ಲಿಷ್ ಉಚ್ಚಾರಣೆಯ ಸಮೇತ ಅವರ ಮನೆಯೊಳಕ್ಕೆ ಬಂದು ಕುಳಿತಿದೆ. ನಾವು ನಗುವ ಹಾಗಿಲ್ಲ. ‘ಟೈಮೆಷ್ಟು’, ‘ಊಟದ ಟೈಮು’, ‘ಟೈಮಿಲ್ಲ’, ‘ಆ ಟೈಮಿನಲ್ಲಿ’ ಎಂದು ಹೊತ್ತು, ವೇಳೆ, ಬಿಡುವು, ಕಾಲ ಎಂಬ ನಾಲ್ಕು ಪದಗಳನ್ನು ಒಂದರ ಬಾಯಿಗೆ ಹಾಕುತ್ತಿರುವವರು ನಾವೇ. ‘ಹೊತ್ತಾಯಿತು’ ಎನ್ನುವುದರಲ್ಲಿರುವ ತವಕವನ್ನೂ ‘ಕಾಲ ಕೂಡಿಬರಲಿ’ ಎನ್ನುವುದರಲ್ಲಿರುವ ತಾಳ್ಮೆಯನ್ನೂ ಆ ‘ಟೈಮು’ ಹೊರಲಾರದು.

ಎಲ್ಲವೂ ಇಂಗ್ಲಿಷಿನಿಂದಲೇ ಹೊರಡಬೇಕೆಂದಿಲ್ಲ. ಅಲ್ಲಿಂದ ಹೊರಟರೆ ಕಾಣದೇ ಹೋಗುವ ಪದಗಳೂ ಉಂಟು. ಹಗಲು ರಾತ್ರಿ ಸೇರಿದ ಇಪ್ಪತ್ತನಾಲ್ಕು ಗಂಟೆಗಳಿಗೆ ನಾರ್ವೆಯವರು ‘ದೊಯ್ನ್’ ಎನ್ನುತ್ತಾರೆ. ಇಂಗ್ಲಿಷಿನ ಬಳಕೆಮಾತಿನಲ್ಲಿ ಅದಕ್ಕೆ ಒಂಟಿ ಪದವಿಲ್ಲ. ‘ಡೇ’ ಎಂದರೆ ಹಗಲೋ ದಿನವೋ ಎಂದು ಕೇಳಬೇಕಾಗುವುದು. ಸಂಸ್ಕೃತದಲ್ಲಿ ಮಾತ್ರ ‘ಅಹೋರಾತ್ರ’ ಸಿದ್ಧವಾಗಿ ನಿಂತಿದೆ.

ಆ ದೇಶದಲ್ಲಿ ಹಗಲೂ ರಾತ್ರಿಯೂ ಜಗಳವಾಡಿಕೊಂಡಂತೆ ಇರುವುದರಿಂದ ಅವರಿಗೆ ಆ ಪದ ಅಗತ್ಯವಾಗಿಯೇ ಇದೆ. ತ್ರೊಂಡ್‌ಹೈಮಿನಲ್ಲಿ ಡಿಸೆಂಬರಿನ ಕಡೆಗೆ ಸೂರ್ಯನು ಹತ್ತು ಗಂಟೆಯ ಸುಮಾರಿಗೆ ಮೂಡಿ ಎರಡೂವರೆಯ ಹೊತ್ತಿಗೆ ಮುಳುಗುವನು. ಇನ್ನೂ ಉತ್ತರಕ್ಕೆ ತ್ರೊಮ್ಸೋ ಎಂಬಲ್ಲಿ ನವೆಂಬರಿನ ಕೊನೆಯಿಂದ ಜನವರಿಯ ನಡುವಿನ ತನಕ ಮೂಡುವುದೇ ಇಲ್ಲ. ಸುತ್ತ ಬೆಟ್ಟಗಳಿರುವುದರಿಂದ ಊರಿನವರು ಜನವರಿ ೨೧ನ್ನು ಸೂರ್ಯನು ಮರಳುವ ದಿನವೆಂದು ಇಟ್ಟುಕೊಂಡು, ಅಂದು ಸೂರ್ಯನ ಹೆಸರಿನ ಸಿಹಿ ಬನ್ನುಗಳನ್ನು ಹಂಚಿ ತಿನ್ನುತ್ತಾರೆ. ಸೂರ್ಯನಿಲ್ಲದ ಆ ವಾರಗಳಿಗೆ ಅವರ ಭಾಷೆಯಲ್ಲಿ ‘ಮೋರ್ಕೆತೀದ್’ ಎಂದು ಹೆಸರು. ಇಂಗ್ಲಿಷ್ ಪುಸ್ತಕಗಳು ಅದನ್ನು ‘ಪೋಲಾರ್ ನೈಟ್’ ಎಂದು, ಧ್ರುವದ ರಾತ್ರಿಯೆಂದು, ಬರೆಯುತ್ತವೆ. ಕಾಲವನ್ನು ಕೈಬಿಟ್ಟು ಖಗೋಳವನ್ನು ಹಿಡಿದಂತೆ. ಅಲ್ಲಿ ಬದುಕುವವರಿಗೆ ಅದು ರಾತ್ರಿಯಲ್ಲ. ದೀಪ ಹಚ್ಚಿಕೊಂಡು ಶಾಲೆಗೆ ಹೋಗುವ, ಮೀನು ಹಿಡಿಯುವ, ಕಂಬಳಿಯ ಅಂಗಿ ಹೆಣೆಯುವ ಒಂದು ಋತು. ಕನ್ನಡದಲ್ಲಿ ಏನೆನ್ನಬೇಕೆಂದು ನಾನು ತಮಃಕಾಲ, ತಿಮಿರರ್ತು ಎಂದೆಲ್ಲ ಎರಡು ದಿನ ತೂಗುತ್ತಿದ್ದೆನು. ಮೊಮ್ಮಗಳು ಬೆಂಗಳೂರಿನಲ್ಲಿರುವ ತನ್ನ ಅಜ್ಜಿಗೆ ದೂರವಾಣಿಯಲ್ಲಿ ಊರಿನ ಸಮಾಚಾರ ಹೇಳುತ್ತ, “ಅಲ್ಲಿ ನಿಮಗೆ ಮಳೆಗಾಲ ಇರತ್ತಲ್ಲ ಅಜ್ಜಿ, ಹಾಗೇ ತ್ರೊಮ್ಸೋದಲ್ಲಿ ಕತ್ತಲೆಗಾಲ” ಎಂದಳು. ಕಕಾರವು ಗಕಾರವಾಗುವ ಆದೇಶಸಂಧಿಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.